ಬೆಚ್ಚನೆಯ ಎಳೆ

ನವರಾತ್ರಿ ಮುಗಿದು ತುಲಾ ಸಂಕ್ರಮಣ ಸಮೀಪಿಸುವ ಹೊತ್ತಿಗೆ ಕೊಡಗಿನಲ್ಲಿ ಗಾಳಿಯ ಸ್ವಭಾವವೇ ಬದಲಾಗುತ್ತದೆ. ಜೂನ್ ತಿಂಗಳಿನಿಂದ ಎಡೆಬಿಡದೆ ಸುರಿದ ಮಳೆ ಹಿಂದೆ ಸರಿದು, ಆಕಾಶ ತೊಳೆದಿಟ್ಟ ಹರಿವಾಣದಂತೆ ಬೆಳಗುತ್ತದೆ. ಹಗಲೆಲ್ಲ ಹಿತವಾದ ಬಿಸಿಲು. ಸಂಜೆಯಾಯಿತೆಂದರೆ ಬೆಟ್ಟದಿಂದ ಇಳಿದುಬರುವ ಕುಳಿರು. ಸಮುದ್ರಮಟ್ಟಕ್ಕಿಂತ 1,100 ಮೀಟರಿಗೂ ಮಿಗಿಲಾದ ಎತ್ತರದಲ್ಲಿರುವ ಮಡಿಕೇರಿಯಲ್ಲಿ ನಾನು ಹುಟ್ಟಿ ಬೆಳೆದೆ. ಅಲ್ಲಿ ಶರದೃತು ಬಂದಿತೆಂಬುದನ್ನು ತಿಳಿಯಲು ನಾವು ಪಂಚಾಂಗವನ್ನು ನೋಡಬೇಕಾಗಿರಲಿಲ್ಲ. ಮನೆಮನೆಯ ಜಗಲಿಯಲ್ಲಿ ಹೆಂಗಸರ ಕೈಗೆ ಹೆಣಿಗೆಯ ಕಡ್ಡಿಗಳು ಬಂದುವೆಂದರೆ ಸಾಕಾಗಿತ್ತು. ಪೆಟ್ಟಿಗೆಯ ತಳದಲ್ಲಿ ಮಲಗಿದ್ದ ಉಲ್ಲನ್ ಉಂಡೆಗಳು ಮೇಲೆದ್ದು ಬರುತ್ತಿದ್ದುವು. ಗಿಳಿಹಸುರು, ದಾಳಿಂಬೆಯ ಕೆಂಪು, ಹುರಿದ ಕಾಫಿಬೀಜದ ಕಂದು. ಆ ಬಣ್ಣಗಳನ್ನು ನೋಡಿದರೇ ಅರ್ಧ ಚಳಿ ಬಿಟ್ಟಂತಾಗುತ್ತಿತ್ತು. ಮುಂದೆ ಒಂದೆರಡು ತಿಂಗಳೊಳಗೆ ಅವೇ ಉಂಡೆಗಳು ಸ್ವೆಟರಾಗಿ, ಮಫ್ಲರಾಗಿ, ಕಾಲುಚೀಲವಾಗಿ, ತೊಟ್ಟಿಲ ಕೂಸಿನ ಕುಲಾವಿಯಾಗಿ ರೂಪು ತಳೆಯುತ್ತಿದ್ದುವು.

ಬಟ್ಟೆ ಎಂದೊಡನೆ ನಮಗೆ ನೆನಪಾಗುವುದು ಮಗ್ಗ. ಇಳಕಲ್ಲಿನ ಸೀರೆಯಾಗಲಿ, ಚಳ್ಳಕೆರೆಯ ಕಂಬಳಿಯಾಗಲಿ ಮಗ್ಗದ ಮೇಲೆ ಹುಟ್ಟಿದ್ದು. ಅಲ್ಲಿ ಹಾಸು ಬೇರೆ, ಹೊಕ್ಕು ಬೇರೆ. ನೂರಾರು ಎಳೆಗಳು ಉದ್ದಕ್ಕೂ ಅಡ್ಡಕ್ಕೂ ಒಂದನ್ನೊಂದು ದಾಟಿ ವಸ್ತ್ರವಾಗುತ್ತವೆ. ಹೆಣಿಗೆಯ ರೀತಿಯೇ ಬೇರೆ. ಇಲ್ಲಿ ಮಗ್ಗವಿಲ್ಲ, ಹಾಸುಹೊಕ್ಕುಗಳಿಲ್ಲ. ಎರಡು ಕಡ್ಡಿ, ಒಂದು ಎಳೆ; ಅಷ್ಟೇ ಬಂಡವಾಳ. ಆ ಎಳೆಯಿಂದ ಒಂದು ಕುಣಿಕೆ ಮಾಡಿ, ಅದರೊಳಗಿಂದ ಮತ್ತೊಂದು ಕುಣಿಕೆಯನ್ನು ಎಳೆದುಕೊಳ್ಳುವುದು, ಅದರೊಳಗಿಂದ ಇನ್ನೊಂದು. ಕುಣಿಕೆಯನ್ನು ಮುಂದಕ್ಕೆ ಎಳೆದರೆ ಅದು ಸೀದಾ. ಹಿಂದಕ್ಕೆ ಎಳೆದರೆ ಉಲ್ಟಾ. ಜಗತ್ತಿನಲ್ಲಿರುವ ಹೆಣಿಗೆಯ ಚಿತ್ತಾರಗಳಲ್ಲಿ ಬಹುಪಾಲು ಈ ಎರಡು ಅಕ್ಷರಗಳಿಂದಲೇ ಬರೆದ ಕಾವ್ಯ. ಒಂದು ಸೀದಾ, ಒಂದು ಉಲ್ಟಾ ಎಂದು ಸಾಲಾಗಿ ಹೆಣೆದರೆ ಬಟ್ಟೆ ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ. ಸ್ವೆಟರಿನ ಮಣಿಕಟ್ಟು ಕೈಯನ್ನು ಹಿತವಾಗಿ ಹಿಡಿದುಕೊಳ್ಳುವುದು ಇದರಿಂದಲೇ.

ಈ ವಿದ್ಯೆಯ ಬಲವೂ ದೌರ್ಬಲ್ಯವೂ ಒಂದೇ. ಪ್ರತಿಯೊಂದು ಕುಣಿಕೆಯೂ ತನ್ನ ಕೆಳಗಿನದನ್ನು ಹಿಡಿದಿರುತ್ತದೆ. ತನ್ನ ಮೇಲಿನದರಿಂದ ಹಿಡಿಯಲ್ಪಟ್ಟಿರುತ್ತದೆ. ನಡುವೆ ಒಂದು ಜಾರಿದರೆ ಅದರ ಕೆಳಗಿನದೂ ಜಾರುತ್ತದೆ. ಬಟ್ಟೆಯಲ್ಲಿ ಏಣಿಯಂತಹ ಕಂಡಿ ಇಳಿಯುತ್ತಾ ಹೋಗುತ್ತದೆ. ಆದುದರಿಂದ ಹೆಣೆಯುವವರು ಸಾಲು ಮುಗಿದಾಗಲೆಲ್ಲ ಕುಣಿಕೆಗಳನ್ನು ಎಣಿಸುತ್ತಾರೆ. ಮಾತನಾಡುತ್ತಿದ್ದವರು ತಟ್ಟನೆ ಮೌನವಾಗಿ ತುಟಿ ಅಲುಗಿಸತೊಡಗಿದರೆ, ಅವರು ಜಪಮಾಡುತ್ತಿರುವರೆಂದು ತಿಳಿಯಬಾರದು, ಲೆಕ್ಕ ನೋಡುತ್ತಿದ್ದಾರೆ.

ಉಣ್ಣೆಯ ಉಡುಪು ಬಿಸಿಯನ್ನು ಕೊಡುತ್ತದೆಂದು ನಾವು ಮಾತಿನಲ್ಲಿ ಹೇಳುತ್ತೇವೆ. ವಾಸ್ತವವಾಗಿ ಅದು ಬೆಂಕಿಯಂತೆ ಬಿಸಿಯನ್ನು ಹುಟ್ಟಿಸುವುದಿಲ್ಲ. ಕಲ್ಲಿಗೆ ಸ್ವೆಟರು ತೊಡಿಸಿದರೆ ಕಲ್ಲು ಬೆಚ್ಚಗಾಗದು. ಮಂಜುಗಡ್ಡೆಗೆ ಹೊದಿಸಿದರೆ ಅದು ಬೇಗ ಕರಗುವ ಬದಲು ನಿಧಾನವಾಗಿ ಕರಗುತ್ತದೆ. ಉಣ್ಣೆಯ ಎಳೆ ನೇರವಾದುದಲ್ಲ; ಅದು ಅಲೆಅಲೆಯಾಗಿ ಸುರುಳಿಗೊಂಡಿರುತ್ತದೆ. ಆ ಸುರುಳಿಗಳ ನಡುವೆಯೂ ಕುಣಿಕೆಗಳ ನಡುವೆಯೂ ಗಾಳಿ ಸಿಕ್ಕಿಕೊಂಡು ಅಲುಗಾಡದೆ ನಿಲ್ಲುತ್ತದೆ. ನಿಂತ ಗಾಳಿಯ ಮೂಲಕ ಶಾಖ ಸುಲಭವಾಗಿ ಹಾಯದು. ನಮ್ಮ ಮೈಯ ಬಿಸುಪು ಹೊರಗೆ ಹೋಗದೆ ನಮ್ಮಲ್ಲಿಯೇ ಉಳಿಯುತ್ತದೆ. ಇದಲ್ಲದೆ ಉಣ್ಣೆ ತನ್ನ ತೂಕದ ಶೇಕಡ 30ರಷ್ಟು ತೇವವನ್ನು ಹೀರಿಕೊಂಡರೂ ಮುಟ್ಟುವವರಿಗೆ ಒದ್ದೆಯೆನಿಸುವುದಿಲ್ಲ. ಮಂಜು ಕವಿದ ನಾಡಿಗೆ ಇದಕ್ಕಿಂತ ಒಳ್ಳೆಯ ಉಡುಪು ಯಾವುದು? ಸ್ವೆಟರು ನಮಗೆ ಏನನ್ನೂ ಹೊಸದಾಗಿ ಕೊಡುವುದಿಲ್ಲ, ನಮ್ಮಲ್ಲಿರುವುದನ್ನು ಕಾಪಾಡುತ್ತದೆ. ಮೂರು ದಶಕಗಳ ಕಾಲ ಮಕ್ಕಳಿಗೆ ಪಾಠ ಹೇಳಿದ ನನಗೆ, ಉಪಾಧ್ಯಾಯನ ಕೆಲಸವೂ ಇದಕ್ಕಿಂತ ಬಹಳ ಬೇರೆಯಲ್ಲವೆಂದು ತೋರಿದೆ.

ನೇಯ್ಗೆಯಷ್ಟು ಪ್ರಾಚೀನವಾದ ವಿದ್ಯೆ ಇದಲ್ಲ. ಈಜಿಪ್ಟಿನಲ್ಲಿ ದೊರೆತ, ಸುಮಾರು ಸಾವಿರ ವರ್ಷ ಹಳೆಯವೆಂದು ಬಲ್ಲವರು ಹೇಳುವ ಹತ್ತಿಯ ಕಾಲುಚೀಲಗಳು ಇದರ ಅತ್ಯಂತ ಹಿಂದಿನ ಮಾದರಿಗಳಲ್ಲಿ ಸೇರಿವೆ. ಅಲ್ಲಿಂದ ಅದು ಯೂರೋಪಿಗೆ ಹಬ್ಬಿತು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಎಂಬ ಪಾದ್ರಿ ಕಾಲುಚೀಲ ಹೆಣೆಯುವ ಯಂತ್ರವೊಂದನ್ನು ರಚಿಸಿದನು. ಕೈಹೆಣಿಗೆಯಿಂದ ಹೊಟ್ಟೆ ಹೊರೆಯುವ ಬಡವರ ಬಾಳು ಕೆಡುವುದೆಂದು ಎಲಿಜಬೆತ್ ರಾಣಿ ಅವನಿಗೆ ಅಧಿಕಾರಪತ್ರವನ್ನು ನಿರಾಕರಿಸಿದಳೆಂದು ಕಥೆಯುಂಟು. ಅವನು ಫ್ರಾನ್ಸಿಗೆ ಹೋಗಿ ಅಲ್ಲಿಯೇ ತೀರಿಕೊಂಡನು. ಯಂತ್ರ ಮಾತ್ರ ಉಳಿದು ಬೆಳೆಯಿತು. ತಿರುಪ್ಪೂರಿನ ಕಾರ್ಖಾನೆಗಳಿಂದ ಬರುವ ಬನಿಯನ್ನು, ಟೀ ಶರ್ಟು ಇವೆಲ್ಲ ನೇಯ್ದವಲ್ಲ, ಹೆಣೆದವು. ಬನಿಯನ್ನಿನ ಬಟ್ಟೆಯನ್ನು ಸ್ವಲ್ಪ ಹಿಗ್ಗಿಸಿ ದಿಟ್ಟಿಸಿದರೆ ಅದೇ ಕುಣಿಕೆಗಳ ಸಾಲು ಕಾಣುತ್ತದೆ. ನಮ್ಮ ನಾಡಿನ ಹೆಣ್ಣುಮಕ್ಕಳಿಗೆ ಕೈಹೆಣಿಗೆಯನ್ನು ಕಲಿಸಿದವರಲ್ಲಿ ಹತ್ತೊಂಬತ್ತನೆಯ ಶತಮಾನದ ಮಿಷನರಿ ಶಾಲೆಗಳೂ ಸೇರಿದ್ದುವು. ಒಮ್ಮೆ ಮನೆಯೊಳಗೆ ಬಂದ ಮೇಲೆ ಅದು ತಾಯಿಯಿಂದ ಮಗಳಿಗೆ, ನೆರೆಯಿಂದ ನೆರೆಗೆ ತಾನಾಗಿ ಹರಡಿತು. ನನ್ನ ತಾಯಿ ಕಲಿತದ್ದು ಹೀಗೆ, ಪಕ್ಕದ ಮನೆಯ ಜಗಲಿಯಲ್ಲಿ.

ಅವರ ಕೈ ನಿಜವಾಗಿ ಪಳಗಿದ್ದು 1962ರಲ್ಲಿ. ಆ ವರ್ಷ ಅಕ್ಟೋಬರ್ 20ರಂದು ಚೀನಾದ ಸೈನ್ಯ ನಮ್ಮ ಉತ್ತರದ ಗಡಿಯ ಮೇಲೆ ಏರಿಬಂದಿತು. ಹಿಮಾಲಯದ ಎತ್ತರದ ಠಾಣೆಗಳಲ್ಲಿ ನಮ್ಮ ಯೋಧರು ಅನೇಕರು ಹತ್ತಿಯ ಸಮವಸ್ತ್ರದಲ್ಲಿಯೇ ಕೊರೆವ ಚಳಿಯನ್ನು ಎದುರಿಸಬೇಕಾಯಿತು. ಸುದ್ದಿ ಹರಡುತ್ತಲೇ ದೇಶದ ಮೂಲೆಮೂಲೆಗಳಲ್ಲಿ ಹೆಂಗಸರು ಕಡ್ಡಿಗಳನ್ನು ಹಿಡಿದು ಕುಳಿತರು. ಜನರಲ್ ತಿಮ್ಮಯ್ಯನವರು ಹುಟ್ಟಿದ ಊರು ನಮ್ಮದು. ಸೈನ್ಯಕ್ಕೆ ಮಗನನ್ನು ಕಳುಹಿಸಿದ ಮನೆಗಳು ಬೀದಿಬೀದಿಯಲ್ಲಿ ಇದ್ದುವು. ನಾನು ಆಗ ಮೂರು ವರ್ಷದ ಮಗು. ಇದೆಲ್ಲ ಕೇಳಿ ತಿಳಿದದ್ದು. ನಮ್ಮ ಬೀದಿಯ ಹೆಂಗಸರು ಅಡಿಗೆಯ ಕೆಲಸ ಮುಗಿಸಿ, ಲಾಂದ್ರದ ಬೆಳಕಿನಲ್ಲಿ ನಡುರಾತ್ರಿಯವರೆಗೆ ಹೆಣೆಯುತ್ತಿದ್ದರಂತೆ. ಯಾರ ಅಳತೆಗೆ ಹೆಣೆಯಬೇಕು? ಕಂಡವರಿಲ್ಲ. ತಾಯಿಯವರು ನನ್ನ ತಂದೆಯವರ ಎದೆ, ತೋಳುಗಳ ಅಳತೆಯನ್ನೇ ಇಟ್ಟುಕೊಂಡು ಮೂರು ಸ್ವೆಟರುಗಳನ್ನು ಹೆಣೆದು ಕಳುಹಿಸಿದರು. ಎಷ್ಟೋ ವರ್ಷಗಳ ಮೇಲೂ ಒಮ್ಮೊಮ್ಮೆ, “ಯಾವ ಹುಡುಗ ತೊಟ್ಟನೋ, ತೋಳು ಗಿಡ್ಡವಾಯಿತೋ ಏನೋ” ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ನವೆಂಬರ್ ತಿಂಗಳಲ್ಲಿ ಯುದ್ಧ ನಿಂತಿತು. ಆ ಬಳಿಕವೇ ಅವರು ತಂದೆಯವರಿಗಾಗಿ ಒಂದು ಸ್ವೆಟರು ಹೆಣೆದದ್ದು. ಕಾಫಿಬೀಜದ ಬಣ್ಣದ್ದು, ತುಂಬುತೋಳಿನದು.

ತಂದೆಯವರು 1969ರ ಮಳೆಗಾಲದಲ್ಲಿ ಜ್ವರದಿಂದ ತೀರಿಕೊಂಡರು. ನನಗೆ ಹತ್ತು ವರ್ಷ, ತಂಗಿಗೆ ಆರು. ಸ್ವೆಟರು ನಡುಮನೆಯ ಗೂಟದಲ್ಲಿ ನೇತಾಡುತ್ತಲೇ ಇತ್ತು. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಅಜ್ಜಿ ಮಾತ್ರ ಹಾದುಹೋಗುವಾಗ ಅದರ ತೋಳನ್ನು ಒಮ್ಮೆ ಸವರುತ್ತಿದ್ದರು. ತುಲಾ ಮಾಸ ಬಂದಿತು, ಚಳಿಯೂ ಬಂದಿತು. ನಮ್ಮಿಬ್ಬರ ಹಳೆಯ ಸ್ವೆಟರುಗಳು ಮೊಣಕೈಯವರೆಗೆ ಏರಿದ್ದುವು. ಹೊಸ ಉಲ್ಲನ್ ಕೊಳ್ಳುವ ಮಾತು ಆ ವರ್ಷ ನಮ್ಮ ಮನೆಯಲ್ಲಿ ಇರಲಿಲ್ಲ. ಒಂದು ಸಂಜೆ ತಾಯಿಯವರು ಆ ಸ್ವೆಟರನ್ನು ಗೂಟದಿಂದ ಇಳಿಸಿ, ಕತ್ತರಿ ತೆಗೆದುಕೊಂಡು, ಪಕ್ಕದ ಹೊಲಿಗೆಯನ್ನು ಬಿಚ್ಚಲು ಕುಳಿತರು.

ಅಜ್ಜಿ ಬಾಗಿಲಲ್ಲಿಯೇ ನಿಂತುಬಿಟ್ಟರು. “ಅದೊಂದನ್ನು ಹಾಗೆಯೇ ಇಡು ಮಗಳೆ. ಅವನದೆಂದು ಉಳಿದಿರುವುದು ಅದೊಂದೇ” ಎಂದರು.

ತಾಯಿಯವರು ತಲೆಯೆತ್ತದೆ, “ಗೂಟಕ್ಕೆ ಚಳಿಯಿಲ್ಲ ಅತ್ತೆ, ಮಕ್ಕಳಿಗಿದೆ” ಎಂದರು.

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಅಜ್ಜಿ ಒಳಗೆ ಬಂದು, ಗೋಡೆಗೆ ಒರಗಿ ಕುಳಿತು, ಎರಡು ಕೈಗಳನ್ನೂ ಮುಂದಕ್ಕೆ ಚಾಚಿದರು. ತಾಯಿಯವರು ಕತ್ತಿನ ಬಳಿ ಮುಚ್ಚಿದ್ದ ಕೊನೆಯ ಕುಣಿಕೆಯನ್ನು ಬಿಡಿಸಿ ಎಳೆದರು. ಸಾಲಿನ ಮೇಲೆ ಸಾಲು ಬಿಚ್ಚುತ್ತಾ ಬಂದಿತು. ನಾನು ಎಳೆಯನ್ನು ಅಜ್ಜಿಯ ಕೈಗಳ ಸುತ್ತ ಸುತ್ತಿ ಲಡಿ ಮಾಡಿದೆ. ಏಳು ವರ್ಷ ಕುಣಿಕೆಯಾಗಿಯೇ ಬಾಳಿದ ಆ ಎಳೆ ಬಿಚ್ಚಿದ ಮೇಲೂ ತನ್ನ ಬಳುಕನ್ನು ಬಿಟ್ಟಿರಲಿಲ್ಲ, ಗುಂಗುರುಕೂದಲಿನಂತೆ ಮುದುರಿಕೊಂಡಿತ್ತು. ಮರುದಿನ ಅದನ್ನು ಅಂಟುವಾಳದ ನೊರೆಯಲ್ಲಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದರು. ನೀರು ಹೆಚ್ಚು ಬಿಸಿಯಾದರೆ ಉಣ್ಣೆ ಜಡೆಗಟ್ಟುತ್ತದೆ. ಲಡಿಯ ಕೆಳಗೆ ಒಂದು ತಂಬಿಗೆಯನ್ನು ಭಾರಕ್ಕೆ ಕಟ್ಟಿ ನೆರಳಿನಲ್ಲಿ ತೂಗುಹಾಕಿದರು. ಒಣಗಿದಾಗ ಎಳೆ ನೆಟ್ಟಗಾಗಿತ್ತು. ಮೊಣಕೈಯ ಭಾಗ ಸವೆದು ಹೋಗಿದ್ದುದರಿಂದ ನೂಲು ಸಾಲದೆ ಬಂದು, ನಡುನಡುವೆ ಹಸುರು ಪಟ್ಟಿಗಳನ್ನು ಸೇರಿಸಬೇಕಾಯಿತು. ದೀಪಾವಳಿಗೆ ನನಗೊಂದು, ತಂಗಿಗೊಂದು ಸ್ವೆಟರು ಸಿದ್ಧವಾದುವು. ಅವನ್ನು ತೊಟ್ಟು ನಿಂತಾಗ ಅಜ್ಜಿ ನಮ್ಮಿಬ್ಬರ ತೋಳುಗಳನ್ನೂ ಸವರಿದರು. ಗೂಟ ಬರಿದಾಗಿತ್ತು, ಆದರೆ ಮನೆಯಲ್ಲಿ ಏನೋ ಕಳೆದುಹೋಯಿತೆಂದು ನಮಗೆ ಯಾರಿಗೂ ಅನಿಸಲಿಲ್ಲ. ಮುಂದೆ ತಂಗಿಯ ಸ್ವೆಟರು ಅವಳಿಗೆ ಗಿಡ್ಡವಾಗಿ, ಪೆಟ್ಟಿಗೆ ಸೇರಿ, ಎಷ್ಟೋ ವರ್ಷಗಳ ಮೇಲೆ ಮತ್ತೊಮ್ಮೆ ಬಿಚ್ಚಿಕೊಂಡು, ಅವಳ ಮಗುವಿನ ಕುಲಾವಿಯಾಯಿತು.

ಕತ್ತರಿಸಿ ಹೊಲಿದ ಬಟ್ಟೆ ಹಳೆಯದಾದರೆ ಚಿಂದಿಯಾಗುತ್ತದೆ. ಹೆಣೆದ ಬಟ್ಟೆ ಹಾಗಲ್ಲ. ಅದು ಮತ್ತೆ ಎಳೆಯಾಗಬಲ್ಲುದು. ರೂಪ ಅಳಿಯುತ್ತದೆ, ದ್ರವ್ಯ ಉಳಿಯುತ್ತದೆ. ಪ್ರೀತಿಸಿದವರ ನೆನಪನ್ನು ಗೂಟಕ್ಕೆ ಹಾಕಿ ಪೂಜಿಸುವುದು ಒಂದು ದಾರಿ. ಅದನ್ನು ಬಿಚ್ಚಿ ಬದುಕಿರುವವರ ಅಳತೆಗೆ ಹೆಣೆಯುವುದು ಇನ್ನೊಂದು ದಾರಿ. ಎರಡನೆಯದಕ್ಕೆ ಹೆಚ್ಚು ಧೈರ್ಯ ಬೇಕು.

ಆ ಚಳಿಗಾಲದಲ್ಲಿಯೇ ನಾನೂ ಹೆಣೆಯಲು ಕಲಿತೆ. ಗಂಡುಹುಡುಗನಿಗೆ ಇದೇತಕ್ಕೆ ಎಂದು ನಕ್ಕವರಿದ್ದರು. ನಗುವವರು ದಕ್ಷಿಣ ಅಮೆರಿಕದ ಪೆರು ದೇಶದ ಕಥೆಯನ್ನು ಕೇಳಬೇಕು. ಅಲ್ಲಿ 3,800 ಮೀಟರಿಗೂ ಎತ್ತರದಲ್ಲಿರುವ ಟಿಟಿಕಾಕಾ ಸರೋವರದ ನಡುವೆ ಟಕೀಲೆ ಎಂಬ ದ್ವೀಪವಿದೆ. ಆ ದ್ವೀಪದಲ್ಲಿ ಹೆಣೆಯುವವರು ಗಂಡಸರು. ಹುಡುಗರು ಎಳವೆಯಲ್ಲಿಯೇ ಕಡ್ಡಿ ಹಿಡಿದು, ತಮ್ಮ ಟೊಪ್ಪಿಗೆಯನ್ನು ತಾವೇ ಹೆಣೆಯಲು ಕಲಿಯುತ್ತಾರೆ. 2005ರಲ್ಲಿ ಯುನೆಸ್ಕೊ ಸಂಸ್ಥೆ ಆ ದ್ವೀಪದ ವಸ್ತ್ರಕಲೆಯನ್ನು ಮಾನವಕುಲದ ಪರಂಪರೆಯ ಶ್ರೇಷ್ಠ ಸಾಧನೆಗಳ ಸಾಲಿಗೆ ಸೇರಿಸಿತು. ಚಳಿ ಗಂಡು ಹೆಣ್ಣೆಂಬ ಭೇದ ನೋಡುವುದಿಲ್ಲ. ಅದನ್ನು ತಡೆಯುವ ವಿದ್ಯೆ ಏಕೆ ನೋಡಬೇಕು?

ಇಂದು ಅಂಗಡಿಯಲ್ಲಿ ಸ್ವೆಟರು ಸುಲಭವಾಗಿ ಸಿಗುತ್ತದೆ. ಉಲ್ಲನ್ ಎಂದು ಮಾರುವ ದಾರಗಳಲ್ಲಿ ಎಷ್ಟೋ ಕುರಿಯ ಮೈಮೇಲೆ ಬೆಳೆದದ್ದಲ್ಲ; ಅಕ್ರಿಲಿಕ್ ಎಂಬ ಕೃತಕ ನೂಲು. ಅದು ಅಗ್ಗ, ಒಗೆಯಲು ಸುಲಭ, ಹುಳು ಹಿಡಿಯುವುದಿಲ್ಲ. ಅದನ್ನು ಹಳಿಯಲು ನಾನು ಹೊರಟಿಲ್ಲ. ಯಂತ್ರ ಕೆಲವೇ ನಿಮಿಷಗಳಲ್ಲಿ ಮಾಡುವುದನ್ನು ಕೈಯಿಂದ ಮಾಡಲು ವಾರಗಳು ಬೇಕು ಎಂಬುದೂ ನಿಜ. ಆದರೆ ಆ ವಾರಗಳು ವ್ಯರ್ಥವಾದುವೆ? ಒಬ್ಬರಿಗಾಗಿ ಹೆಣೆಯುವಷ್ಟು ಕಾಲವೂ ಅವರ ಭುಜದ ಅಗಲ, ತೋಳಿನ ಉದ್ದ ನಮ್ಮ ಮನಸ್ಸಿನಲ್ಲಿ ಇರುತ್ತವೆ. ಮುಖವನ್ನೇ ಕಾಣದ ಯೋಧನ ತೋಳಿನ ಬಗೆಗೆ ನನ್ನ ತಾಯಿ ಕೊನೆಯವರೆಗೂ ಚಿಂತಿಸಿದ್ದು ಇದಕ್ಕಾಗಿಯೇ.

ನಿಮ್ಮ ಮನೆಯಲ್ಲಿ ಯಾರಾದರೂ ಕೈಯಿಂದ ಹೆಣೆದ ಹಳೆಯ ಸ್ವೆಟರು ಇದ್ದರೆ ಅದನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಯಂತ್ರದ ಹೆಣಿಗೆಯಂತೆ ಕುಣಿಕೆಗಳು ಒಂದೇ ಸಮನಾಗಿ ಇರುವುದಿಲ್ಲ. ಒಂದು ಸಾಲು ಬಿಗಿ, ಇನ್ನೊಂದು ಸಡಿಲ. ಹೆಣೆದವರು ಆ ಸಂಜೆ ದಣಿದಿದ್ದರೋ, ನಗುತ್ತಿದ್ದರೋ, ಅವರಿಗೆ ಹೇಳಿದ್ದು ಯಾರು? ಕೇಳಿ ತಿಳಿದುಕೊಳ್ಳಿ, ಸಾಧ್ಯವಾದರೆ ಅವರ ಬಳಿ ಕುಳಿತು, ಮೊದಲ ಕುಣಿಕೆಯನ್ನು ಕಡ್ಡಿಗೆ ಏರಿಸುವುದನ್ನೂ ಕಲಿಯಿರಿ.