ಆಯಿಯ ತವರುಮನೆ ದಾರಿ

ಹೆಗಲಿಗೆ ಚೀಲ ಹಾಕಿದ ಹುಡುಗರು ಕುಮಟೆಯಿಂದ ಗೋಕರ್ಣಕ್ಕೆ ಕಡಲ ಬದಿಯಲ್ಲೇ ನಡೆದು ಹೋಗ್ತಾರಲ್ಲ, ಅದಕ್ಕೀಗ 'ಬೀಚ್ ಟ್ರೆಕ್' ಅಂತ ಹೆಸರು. ನಮ್ಮನೇಲಿ ಅದು ಬರೀ ಆಯಿಯ ತವರುಮನೆ ದಾರಿ. "ದುಡ್ಡು ಕೊಟ್ಟು ನೆಡಿತ್ವಡ!" ಎಂದು ಆಯಿ ಈಗಲೂ ನಗಾಡ್ತಾಳೆ.

ಆಯಿ ಮದುವೆಯಾಗಿ ಬಂದಿದ್ದು ಅಘನಾಶಿನಿಗೆ. ತವರು ಗೋಕರ್ಣದ ಕೋಟಿತೀರ್ಥದ ಹತ್ತಿರ. ಬಸ್ಸಿಗೆ ಹೋದ್ರೆ ಕುಮಟೆಗೆ ಬಂದು, ಮಿರ್ಜಾನ ದಾಟಿ, ಮಾದನಗೇರಿಯಲ್ಲಿ ತಿರುಗಿ ಸುತ್ತು ಹೊಡೀಬೇಕು. ದೋಣಿ ಹತ್ತಿದ್ರೆ ಹೊಳೆಯಾಚೆ ದಡವೇ ತದಡಿ. ಅಲ್ಲಿಂದ ಎರಡು ದಾರಿ. ಹೋಗುವಾಗ ಗುಡ್ಡ ಹತ್ತಿ ಕಡಲ ಬದಿಗೆ. ಬರುವಾಗ ಉಪ್ಪಿನ ಗಂಟಿದ್ದರೆ ಸಾಣಿಕಟ್ಟೆ ಆಗರದ ಕಡೆಯ ಸಪಾಟು ದಾರಿ. ವರ್ಷದ ಮಿಡಿ ಉಪ್ಪಿನಕಾಯಿಗೆ ಆ ಹರಳುಪ್ಪೇ ಆಗಬೇಕಿತ್ತು.

ಮಾವ ತೀರಿಕೊಂಡ ಮೇಲೆ ಹೋದ ವರ್ಷ ಆ ಮನೆ ಮಾರಿದರು. ಮಾವನ ಮಕ್ಕಳೆಲ್ಲ ಬೆಂಗಳೂರಲ್ಲಿ, ತಪ್ಪು ಅನ್ನೋ ಹಾಗೂ ಇಲ್ಲ. ಆಯಿ ಏನೂ ಮಾತಾಡಲಿಲ್ಲ. ಜನವರಿಯಲ್ಲಿ ಒಂದಿನ ಅಕ್ಕಿ ಆರಿಸ್ತಾ ಹೇಳಿದಳು: "ಮನೆ ಹೋತು, ದಾರಿಯಾದ್ರೂ ಇದ್ದಲೆ. ಮಗಳನ್ನ ಕರ್ಕಂಡು ಒಂದ್ಸಲ ನೆಡ್ಕಂಡು ಬಾ. ಯನ್ ಮಂಡಿ ಕೇಳ್ತಿಲ್ಲೆ."

ದಾರಿಯನ್ನೂ ಅವಳೇ ಹೇಳಿಕೊಟ್ಟಳು. "ಸಮುದ್ರ ಎಡಕ್ಕೇ ಇರವು. ಬಲಕ್ಕೆ ಬಂದ್ರೆ ದಾರಿ ತಪ್ಪಿತು ಹೇಳಿ ಲೆಕ್ಕ."

ಬೆಳಿಗ್ಗೆಯೇ ದೋಣಿ ಹತ್ತಿದೆವು. ನೀರು ಇಳಿದಿತ್ತು. ಹೊಳೆಯ ಮಧ್ಯದ ದಿಬ್ಬದಲ್ಲಿ ಹೆಂಗಸರು ಬಗ್ಗಿ ಬಳಚು ಆರಿಸ್ತಿದ್ದರು. ಘಟ್ಟದಿಂದ ಬರುವ ಈ ಹೊಳೆಗೆ ದೊಡ್ಡ ಅಣೆಕಟ್ಟು ಎಲ್ಲೂ ಇಲ್ಲ. ಸಿಹಿನೀರು ಉಪ್ಪುನೀರು ಸೇರುವ ಇಲ್ಲೇ ಬಳಚೂ ಬೆಳೀತದೆ, ಗಜನಿ ಗದ್ದೆಯ ಕಗ್ಗ ಭತ್ತವೂ ಬೆಳೀತದೆ. ಮಗಳಿಗೆ ಕಗ್ಗದ ಗಂಜಿ ಗೊತ್ತು, ಗದ್ದೆ ಗೊತ್ತಿರಲಿಲ್ಲ.

ತದಡಿಯಿಂದ ಬೇಲೆಕಾನ, ಆಮೇಲೆ ಪ್ಯಾರಡೈಸ್, ಹಾಫ್ ಮೂನ್, ಓಂ ಬೀಚ್, ಕುಡ್ಲೆ. ಒಂದು ಗುಡ್ಡ ಇಳಿದರೆ ಮರಳು, ಮರಳು ಮುಗಿದರೆ ಮತ್ತೆ ಗುಡ್ಡ. ಚಿರೆಕಲ್ಲಿನ ಮೇಲೆ ಬಿಸಿಲು ಏರಿದ ಹಾಗೆ ಮಗಳ ಮಾತು ಕಡಿಮೆಯಾಯ್ತು. ಓಂ ಬೀಚ್ ಮೇಲಿನ ಗುಡ್ಡದಲ್ಲಿ ನಿಂತು ಕೇಳಿದಳು: "ಅಜ್ಜಿ ಇದನ್ನ ಸೀರೇಲಿ ಹತ್ತಿದ್ದಾ?"

"ಸೀರೇಲಿ. ಸೊಂಟದ ಮೇಲೆ ನಾನು."

ಗೋಕರ್ಣದ ರಾಮತೀರ್ಥದಲ್ಲಿ ಬೊಗಸೆಯೊಡ್ಡಿ ನೀರು ಕುಡಿದೆವು. ಕಡಲಿಗೆ ಅಷ್ಟು ಹತ್ತಿರ ಇದ್ದೂ ಸಿಹಿನೀರು. ತವರುಮನೆ ಕಡೆ ಹೋಗಬಾರದು ಅಂದುಕೊಂಡಿದ್ದೆ. ಮಗಳು ಬಿಡಲಿಲ್ಲ. ಬಾಗಿಲಿಗೆ ಹೊಸ ಬಣ್ಣ, ಜಗಲಿಯಲ್ಲಿ ಯಾರದೋ ಚಪ್ಪಲಿ. ಅಂಗಳದ ತೆಂಗಿನಮರ ಮಾತ್ರ ಹಾಗೇ ಇತ್ತು. ನೋಡಿ ಬಂದೆವು.

ಬರುವಾಗ ರಿಕ್ಷಾ ಮಾಡಿ ಸಾಣಿಕಟ್ಟೆಯಲ್ಲಿ ಉಪ್ಪು ತಗೊಂಡೆವು. ರಾತ್ರಿ ಆಯಿ ಎರಡು ಹರಳು ಅಂಗೈಗೆ ಹಾಕಿಕೊಂಡು ನೋಡಿ, "ಈ ಸಲ ಮಿಡಿ ಜಾಸ್ತಿ ಹಾಕನ," ಅಂದಳು. ತೆಂಗಿನಮರದ ಸುದ್ದಿ ಮಾತ್ರ ಎರಡೆರಡು ಸಲ ಕೇಳಿದಳು.

ನೀವೂ ಹೋಗೋದಾದ್ರೆ ದೀಪಾವಳಿ ಕಳೆದ ಮೇಲೆ, ಶಿವರಾತ್ರಿ ಜಾತ್ರೆಯೊಳಗೆ ಹೋಗಿ. ಮಳೆಗಾಲದಲ್ಲಿ ಬೇಡವೇ ಬೇಡ. ಕುಡಿಯುವ ನೀರು ಮನೆಯಿಂದಲೇ ಇರಲಿ. ಮನೆಯಲ್ಲಿ ಆ ದಾರಿ ನಡೆದ ಹಿರಿಯರಿದ್ದರೆ, ಮೊದಲು ಅವರನ್ನೇ ಕೇಳಿ.