ನೀರು ಆರಿತು, ಉಪ್ಪು ಉಳಿಯಿತು

ಕಂಪ್ಯೂಟರಿನೊಳಗೆ ನೀರು ಬಿದ್ದರೆ ಒರೆಸಿ ಒಣಗಿಸಿದರೆ ಸಾಕಲ್ಲವೇ? ಸಾಲದು ಮಕ್ಕಳೇ. ಏಕೆಂದು ನನಗೆ ತಿಳಿದದ್ದು ಒಂದು ಮಳೆಗಾಲದಲ್ಲಿ.

2019ರ ಆಗಸ್ಟ್‌ನಲ್ಲಿ ತುಂಗಾ ನದಿ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿತ್ತು. ಸವಳಂಗ ರಸ್ತೆಯ ನಮ್ಮ ಮನೆಗೆ ಹೊಳೆನೀರು ಬರಲಿಲ್ಲ. ಆದರೆ ಹಳೆಯ ಹೆಂಚಿನ ಸಂದಿಯಿಂದ ರಾತ್ರಿಯಿಡೀ ಸೋರಿದ ನೀರು ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಇಳಿದಿತ್ತು. ತೀರಿಕೊಂಡ ಅಜ್ಜಿ ಹೇಳಿದ್ದ ಕಥೆಗಳ ಧ್ವನಿಮುದ್ರಣ ಅದರಲ್ಲಿತ್ತು.

ಅಪ್ಪ ಮೊದಲು ಮೇನ್ ಸ್ವಿಚ್ ಆರಿಸಿದರು, ಆಮೇಲೆ ಪ್ಲಗ್ ತೆಗೆದರು. "ಒಂದ್ಸಲ ಆನ್ ಮಾಡಿ ನೋಡ್ರಿ" ಎಂದರು ಪಕ್ಕದ ಮನೆಯವರು. ಅಪ್ಪ ಒಪ್ಪಲಿಲ್ಲ.

ಎರಡು ದಿನಗಳ ನಂತರ ಎಲ್ಲವೂ ಒಣಗಿದಂತೆ ಕಂಡಿತು. ರಿಪೇರಿ ಮಾಡುವವರು ಪೆಟ್ಟಿಗೆ ಬಿಚ್ಚಿ ಮದರ್‌ಬೋರ್ಡ್ ತೋರಿಸಿದರು. ಅಲ್ಲಲ್ಲಿ ಬಿಳಿ ಕಲೆ, ಒಂದೆರಡು ಕಡೆ ಕಿಲುಬು! "ನೀರು ಹೋಗಿದೆ, ಅದು ತಂದದ್ದು ಇಲ್ಲೇ ಇದೆ" ಎಂದರು.

ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪದರ ಕಟ್ಟುತ್ತದೆಯಲ್ಲವೇ? ನೀರು ಆವಿಯಾದರೂ ಅದರಲ್ಲಿ ಕರಗಿದ್ದ ಲವಣ ಉಳಿಯುತ್ತದೆ. ಶುದ್ಧ ನೀರಿನಲ್ಲಿ ವಿದ್ಯುತ್ ಅಷ್ಟಾಗಿ ಹರಿಯದು. ಹೆಂಚಿನ ದೂಳು, ಲವಣ ಸೇರಿದ ನೀರಿನಲ್ಲಿ ಸುಲಭವಾಗಿ ಹರಿಯುತ್ತದೆ. ಹರಿಯಬಾರದ ಕಡೆ ಹರಿದರೆ ಬಿಡಿಭಾಗಗಳು ಸುಡಬಹುದು, ತಾಮ್ರದ ತೆಳು ಗೆರೆಗಳು ಸವೆಯುತ್ತವೆ. ಒಣಗಿದ ಲವಣವೂ ಗಾಳಿಯ ತೇವ ಹೀರಿ ಮತ್ತೆ ಒದ್ದೆಯಾಗಬಹುದು. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರು ಬಿಟ್ಟುಕೊಳ್ಳುವುದನ್ನು ನೀವು ನೋಡಿದ್ದೀರಿ.

ಅವರು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬ್ರಷ್‌ನಿಂದ ಕಲೆಗಳನ್ನು ಉಜ್ಜಿದರು. ಈ ದ್ರವ ಬೇಗ ಆರುತ್ತದೆ. ಆದರೂ ಮದರ್‌ಬೋರ್ಡ್ ಉಳಿಯಲಿಲ್ಲ. ಹಾರ್ಡ್ ಡಿಸ್ಕ್‌ಗೆ ಮಾತ್ರ ನೀರು ತಾಗಿರಲಿಲ್ಲ. ಅದನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿದಾಗ ಅಜ್ಜಿಯ ದನಿ ಕೇಳಿಸಿತು. ಅಂದೇ ಅಪ್ಪ ಎರಡು ಪ್ರತಿ ಮಾಡಿಸಿದರು.

ನಿಮ್ಮ ಮನೆಯಲ್ಲಿ ಹೀಗಾದರೆ ಕಂಪ್ಯೂಟರ್ ಮುಟ್ಟಬೇಡಿ, ದೊಡ್ಡವರನ್ನು ಕರೆಯಿರಿ. ಪ್ಲಗ್ ತೆಗೆದ ಮೇಲೂ ಪವರ್ ಸಪ್ಲೈ ಒಳಗೆ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ.

ಮಾಡಿ ನೋಡಿ: ಶಿಕ್ಷಕರ ಎದುರಿನಲ್ಲಿ ಎರಡು ಟಾರ್ಚ್ ಸೆಲ್‌ಗಳನ್ನು ಸಾಲಾಗಿ ಜೋಡಿಸಿ. ಎರಡೂ ತುದಿಗಳಿಂದ ತಾಮ್ರದ ತಂತಿಗಳನ್ನು ಲೋಟದ ಉಪ್ಪುನೀರಿಗೆ ಇಳಿಬಿಡಿ. ತಂತಿಗಳು ಒಂದಕ್ಕೊಂದು ತಾಗದಿರಲಿ. ಒಂದು ತಂತಿಯಲ್ಲಿ ಗುಳ್ಳೆಗಳು ಏಳುತ್ತವೆ. ಇನ್ನೊಂದು ತಂತಿಯ ಬಣ್ಣ ನಿಧಾನವಾಗಿ ಕೆಡುತ್ತದೆ. ಯಾವ ತಂತಿ ಸೆಲ್‌ನ ಧನ ತುದಿಯದು? ಬರೆದಿಡಿ. ಮನೆಯ ಪ್ಲಗ್ಗಿನಲ್ಲಿರುವುದು 230 ವೋಲ್ಟ್. ಅದರಿಂದ ಈ ಪ್ರಯೋಗ ಎಂದೂ ಮಾಡಬಾರದು.