ಹೊಲಿಗೆ ಹಾಕಿದ ಹೊಟ್ಟೆ

ನಾವು ಹೇಳಹೊರಟಿರುವುದು ಒಂದು ಗಿನಿಪಿಗ್ಗಿನ ಬಾಣಂತನದ ಕತೆ. ನಗಬೇಡಿ. ಮೊದಲು ನಾವೂ ನಕ್ಕೆವು.

ನಮ್ಮವ್ವ ಮೈಸೂರಿನ ಒಂದು ದೊಡ್ಡ ಮನೆಯಲ್ಲಿ ಕಸಮುಸುರೆ ಮಾಡುತ್ತಿದ್ದಳು. ಆ ಮನೆಯ ಮಗು ಒಂದು ಗಿನಿಪಿಗ್ಗು ಸಾಕಿಕೊಂಡಿತ್ತು. ಮೂರು ವರ್ಷದ ಹೆಣ್ಣು. ಅದರ ಎರಡೂ ಪಕ್ಕೆಯ ಕೂದಲು ಉದುರಿ, ಹೊಟ್ಟೆ ಊದಿಕೊಂಡಿತು. ಅಂಡಾಶಯದಲ್ಲಿ ನೀರುಗಂಟು. ವಯಸ್ಸಾಗುತ್ತ ಬಂದ ಹೆಣ್ಣು ಗಿನಿಪಿಗ್ಗುಗಳಿಗೆ ಇದು ಬರುವಂಥದೇ. ಡಾಕ್ಟರು ಹೊಟ್ಟೆ ಕೊಯ್ದು, ಅಂಡಾಶಯ ಗರ್ಭಕೋಶ ಎರಡನ್ನೂ ತೆಗೆದು ಹೊಲಿಗೆ ಹಾಕಿದರು. ಅದೇ ವಾರ ಆ ಮನೆಯವರಿಗೆ ದೂರದೂರಲ್ಲಿ ಮದುವೆ.

‘ಹತ್ತು ದಿನ ನಿಮ್ಮನೇಲಿ ಇಟ್ಕೊಳ್ಳಮ್ಮ. ನಿಮ್ಮೋರಿಗೆ ಪ್ರಾಣಿಗಳ ಅಭ್ಯಾಸ ಇರುತ್ತಲ್ಲ’ ಎಂದರು ಯಜಮಾನಿ.

ನಿಮ್ಮೋರು! ಈ ಮಾತು ಎಲ್ಲಿಂದ ಹೊರಟು ಎಲ್ಲಿಗೆ ಬಂದು ಚುಚ್ಚುತ್ತದೆಂದು ನಮಗೆ ಗೊತ್ತು. ನಮ್ಮ ತಾತ ಊರಿನ ಸತ್ತ ದನ ಹೊತ್ತವನು. ಚರ್ಮ ಎಲ್ಲಿ ತೆಳು, ಎಲ್ಲಿ ದಪ್ಪ ಎಂಬುದು ಅವನ ಬೆರಳಿಗೆ ಕತ್ತಲಲ್ಲೂ ತಿಳಿಯುತ್ತಿತ್ತಂತೆ. ಅದನ್ನು ಊರು ವಿದ್ಯೆ ಎನ್ನಲಿಲ್ಲ, ಮೈಲಿಗೆ ಎಂದಿತು.

ಆ ಮನೆಯಲ್ಲಿ ಅವ್ವನಿಗೆ ಬೇರೆ ಲೋಟ. ಹಿತ್ತಲ ಕಿಟಕಿಯ ಮೇಲೆ ಬೋರಲು ಬಿದ್ದಿರುತ್ತಿತ್ತು. ಗಿನಿಪಿಗ್ಗು ಮಾತ್ರ ಸೋಫಾದ ಮೇಲೆ ಕೂತು ಮಗುವಿನ ತಟ್ಟೆಯಿಂದಲೇ ಸೌತೆಕಾಯಿ ತಿನ್ನುತ್ತಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರು ಕುಡಿದರು. ದನಕರು ಕುಡಿದರೆ ಕೆಡದ ಆ ನೀರು ನಮ್ಮವರು ಮುಟ್ಟಿದರೆ ಕೆಡುತ್ತಿತ್ತು. ಈಗ ಕೆರೆ ಹೋಗಿ ಲೋಟ ಬಂದಿದೆ, ಅಷ್ಟೆ.

‘ಇದ್ರ ಚಾಕರಿ ನಾವ್ಯಾಕೆ ಮಾಡ್ಬೇಕು? ಸತ್ರೆ ಸಾಯ್ಲಿ ಬುಡವ್ವ’ ಎಂದಳು ತಂಗಿ. ನಮ್ಮ ಮನಸ್ಸಿನಲ್ಲಿದ್ದುದೂ ಅದೇ.

ಅವ್ವ ರಟ್ಟಿನ ಡಬ್ಬ ಬಿಚ್ಚಿದಳು. ಮೂಲೆಯಲ್ಲಿ ಬೆನ್ನು ಗೂನು ಮಾಡಿ, ಕೂದಲು ನಿಮಿರಿಸಿ, ಅರೆಗಣ್ಣು ಮುಚ್ಚಿ ಕೂತಿತ್ತು. ‘ಅದೇನು ಜಾತಿ ಕೇಳ್ಕಂಡು ಹುಟ್ತಾ ಮಗ? ಹೊಟ್ಟೆ ಕೊಯ್ಸ್ಕಂಡು ಬಂದದೆ. ಬಾಣಂತಿ ಅನ್ಕೊ’ ಎಂದಳು.

ಡಾಕ್ಟರು ಕೊಟ್ಟ ಚೀಟಿ ಇಂಗ್ಲಿಷಿನಲ್ಲಿತ್ತು. ನಮ್ಮ ವಂಶದ ಮೊದಲ ಬಿ.ಎ. ಪದವಿ ಒಂದು ಗಿನಿಪಿಗ್ಗಿನ ಔಷಧಿ ಚೀಟಿ ಓದುವುದಕ್ಕೆ ಒದಗಿತು. ಓದುತ್ತಾ ಹೋದಂತೆ ನಗು ನಿಂತಿತು. ಈ ಜೀವಕ್ಕೆ ಉಪವಾಸ ಆಗದು. ಅದರ ಕರುಳು ಹಗಲೂ ರಾತ್ರಿ ಓಡುತ್ತಿರಬೇಕು. ನೋವಿಗೆ ತಿನ್ನುವುದು ಬಿಟ್ಟರೆ ಕರುಳು ನಿಲ್ಲುತ್ತದೆ, ಕರುಳು ನಿಂತರೆ ಜೀವ ನಿಲ್ಲುತ್ತದೆ. ಅದಕ್ಕೆ ವಾಂತಿ ಮಾಡಲೂ ಬರದು. ಹಾಗಾಗಿ ಆಪರೇಷನ್ನಿಗೆ ಮುಂಚೆ ಕೂಡ ಮನುಷ್ಯರನ್ನು ಕೆಡವುವಂತೆ ಅದನ್ನು ಬರೀ ಹೊಟ್ಟೆಯಲ್ಲಿ ಕೆಡವುವುದಿಲ್ಲ. ಉಪವಾಸ ಪುಣ್ಯ ಎನ್ನುವವರ ಮನೆಯಲ್ಲಿ ಬೆಳೆದದ್ದು, ಹಸಿವೆಂದರೆ ಸಾವು ಎಂದು ಅರಿತವರ ಮನೆಗೆ ಬಂದಿತ್ತು.

ನೋವಿಗೆ ಮೆಲಾಕ್ಸಿಕಾಮ್ ಹನಿ, ತೂಕಕ್ಕೆ ತಕ್ಕಷ್ಟು. ಆ ಮನೆಯವರು ಕೊಟ್ಟಿದ್ದ ಕಾಳಿನಂಥ ತಿಂಡಿಯನ್ನು ಬಿಸಿನೀರಲ್ಲಿ ನೆನೆಸಿ, ಗಂಜಿ ಮಾಡಿ, ಸೂಜಿ ತೆಗೆದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ತೊಟ್ಟುತೊಟ್ಟಾಗಿ ಬಿಡಬೇಕು. ಅಗಿದು ನುಂಗುವ ತನಕ ಕಾಯಬೇಕು. ಆತುರಪಟ್ಟರೆ ಶ್ವಾಸಕ್ಕೆ ಹೋಗುತ್ತದೆ. ಎರಡು ಮೂರು ಗಂಟೆಗೊಮ್ಮೆ ಇದೇ. ಹನ್ನೆರಡರ ತನಕ ತಂಗಿ, ಆಮೇಲೆ ನಾವು, ಕೋಳಿ ಕೂಗುವ ಹೊತ್ತಿಗೆ ಅವ್ವ. ಒಣಹುಲ್ಲಿನ ಕಡ್ಡಿ ಗಾಯಕ್ಕೆ ಚುಚ್ಚೀತೆಂದು ಹಳೇ ಸೀರೆ ಹರಿದು ಹಾಸಿದೆವು. ಬಿಸಿನೀರಿನ ಬಾಟ್ಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟೆವು. ಹೊಲಿಗೆ ಕೆಂಪಾಯಿತೇ, ಕೀವಾಯಿತೇ ಎಂದು ದಿನಕ್ಕೆರಡು ಸಲ ನೋಡಿದೆವು. ಹಿಕ್ಕೆ ಎಣಿಸಿದೆವು. ಮೊದಲ ರಾತ್ರಿ ನಾಲ್ಕೇ ಹಿಕ್ಕೆ, ಸಣ್ಣವು, ಒಣಗಿದವು.

ತಂಗಿ ದಿನಾ ಬೆಳಿಗ್ಗೆ ಬುಟ್ಟಿಯಲ್ಲಿಟ್ಟು ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ತರುತ್ತಿದ್ದಳು. 880 ಗ್ರಾಂ ಇದ್ದದ್ದು ಮೂರನೇ ದಿನ 820ಕ್ಕೆ ಇಳಿಯಿತು. ಸಾಯಲಿ ಎಂದವಳೇ ಅವತ್ತು ಅತ್ತಳು. ನಮ್ಮ ಹಲ್ಲುನೋವಿಗೆ ತಂದು ಉಳಿದಿದ್ದ ಅಮಾಕ್ಸಿಸಿಲಿನ್ ಗುಳಿಗೆಯನ್ನು ಅರೆದು ಕೊಡಲು ಹೋದಳು. ನಾವು ಕೈ ಹಿಡಿದೆವು. ಚೀಟಿಯಲ್ಲಿ ಬರೆದಿತ್ತು: ಪೆನಿಸಿಲಿನ್ ಜಾತಿಯ ಔಷಧಿ ಬಾಯಿಗೆ ಹಾಕಿದರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಗಿನಿಪಿಗ್ಗೂ ಸಾಯುತ್ತದೆ. ನಮ್ಮನ್ನು ಉಳಿಸುವ ಮದ್ದೇ ಅದಕ್ಕೆ ವಿಷ.

ಒಂದು ವಿಷಯದಲ್ಲಿ ಮಾತ್ರ ಅದೂ ನಾವೂ ಒಂದೇ. ವಿಟಮಿನ್ ಸಿ ಅದರ ಮೈಯಲ್ಲೂ ಹುಟ್ಟದು, ನಮ್ಮ ಮೈಯಲ್ಲೂ ಹುಟ್ಟದು. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರಾಲಿಕ್ ಎಂಬಿಬ್ಬರು ಗಿನಿಪಿಗ್ಗುಗಳಿಗೆ ಬರೀ ಕಾಳುಕಡ್ಡಿ ತಿನ್ನಿಸಿ ನೋಡಿದಾಗ ಹಡಗಿನ ನಾವಿಕರಿಗೆ ಬರುತ್ತಿದ್ದ ಸ್ಕರ್ವಿ ರೋಗ ಅವಕ್ಕೂ ಬಂತು. ವಿಟಮಿನ್ ಸಿ ಪತ್ತೆಯಾಗಲು ಅದು ದಾರಿಯಾಯಿತು. ಅವು ಸತ್ತು ಮನುಷ್ಯರಿಗೆ ಮದ್ದಾಯಿತು. ಗಾಯ ಕೂಡಬೇಕಾದರೂ ಈ ವಿಟಮಿನ್ ಬೇಕು. ದೊಣ್ಣೆ ಮೆಣಸಿನಕಾಯಿಯ ಚೂರು, ಸೀಬೆಹಣ್ಣಿನ ಚೂರು ಇಟ್ಟೆವು.

ಅದು ಹಂದಿಯೂ ಅಲ್ಲ, ಗಿನಿ ದೇಶದ್ದೂ ಅಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಸೀಮೆಯದು. ಬೇರೆಯವರು ಇಟ್ಟ ಹೆಸರನ್ನು ಹೊರುವುದು ಏನೆಂದು ನಮಗೆ ಗೊತ್ತು. ಅಲ್ಲಿನ ಜನ ಅದನ್ನು ‘ಕುಯ್’ ಎನ್ನುತ್ತಾರೆ. ನಾವೂ ಹಾಗೇ ಕರೆದೆವು. ಅವರು ಸಾವಿರಾರು ವರ್ಷಗಳಿಂದ ಅದನ್ನು ಸಾಕುತ್ತಾ ಬಂದವರು, ಅಡುಗೆಮನೆಯಲ್ಲೇ ಬಿಟ್ಟುಕೊಂಡವರು, ತಿನ್ನುವವರೂ ಹೌದು. ಇದನ್ನು ಹೇಳಿದಾಗ ಅವ್ವ, ‘ತಿನ್ನೋರೇ ಕಣ್ ಮಗ ಸಾಕೋರು’ ಎಂದಳು. ನಾವು ಪುಸ್ತಕಗಳಲ್ಲಿ ಹುಡುಕುತ್ತಿದ್ದ ಮಾತು ಅವಳ ಬಾಯಲ್ಲಿತ್ತು.

ನಾಲ್ಕನೇ ದಿನ ಸಂಜೆ ಅವ್ವ ದಾರಿಬದಿಯ ಗರಿಕೆ ಕಿತ್ತು, ತೊಳೆದು ತಂದಳು. ಪ್ಲಾಸ್ಟಿಕ್ ಕವರು ಸರಬರ ಅಂದದ್ದೇ ತಡ, ಡಬ್ಬದೊಳಗಿಂದ ‘ಕುಯ್’ ಎಂದಿತು. ತಾನಾಗಿ ಎದ್ದು ಬಂದು ಗರಿಕೆ ಎಳೆದುಕೊಂಡಿತು. ಆ ಕರಕರ ಸದ್ದು ಕೇಳುತ್ತಾ ನಾವು ಮೂವರೂ ನೆಲದ ಮೇಲೆ ಸುಮ್ಮನೆ ಕೂತಿದ್ದೆವು. ಹತ್ತನೇ ದಿನಕ್ಕೆ 870 ಗ್ರಾಂ. ಡಾಕ್ಟರು ನೋಡಿ, ಚರ್ಮ ಚೆನ್ನಾಗಿ ಕೂಡಿದೆ ಎಂದರು. ಚರ್ಮ ಸುಲಿಯುವ ಕೈ ಎಂದು ಊರು ದೂರ ಇಟ್ಟ ಕೈಗಳು ಚರ್ಮ ಕೂಡುವ ತನಕ ಕಾದಿದ್ದವು.

ಹಿಂದಕ್ಕೆ ಕೊಡಲು ಅವ್ವನ ಜೊತೆ ನಾವೂ ಹೋದೆವು. ಮಗು ಓಡಿ ಬಂದು ತಬ್ಬಿಕೊಂಡಿತು. ಅದರ ಮೇಲೆ ನಮಗೆ ಸಿಟ್ಟಿಲ್ಲ. ಯಜಮಾನಿ ಸಂತೋಷಪಟ್ಟು, ಕಿಟಕಿಯ ಮೇಲಿನ ಅದೇ ಲೋಟಕ್ಕೆ ಟೀ ಬಗ್ಗಿಸಿದರು.

ಅವ್ವ ದನಿ ಎತ್ತದೆ ಹೇಳಿದಳು: ‘ಹತ್ತು ದಿನ ಇತ್ತು ಅಮ್ಮಾವ್ರೇ ನಮ್ಮನೇಲಿ. ನಾವು ಅದಕ್ಕೆ ಬೇರೆ ತಟ್ಟೆ ಮಡಗ್ನಿಲ್ಲ.’

ಟೀ ಕುಡಿಯಲಿಲ್ಲ. ಲೋಟವನ್ನು ಕಿಟಕಿಯ ಮೇಲಿಟ್ಟು ಬಂದಳು. ಮಾರನೇ ದಿನದಿಂದ ಆ ಮನೆಯ ಕೆಲಸ ಇಲ್ಲ. ಬೇರೆ ಮನೆ ಸಿಗಲು ಒಂದೂವರೆ ತಿಂಗಳಾಯಿತು.

ಹತ್ತು ರಾತ್ರಿಯ ನಿದ್ದೆಗೆ ಕೂಲಿ ಯಾಕೆ ಕೇಳಲಿಲ್ಲ ಎಂದು ತಂಗಿ ಈಗಲೂ ಜಗಳ ತೆಗೆಯುತ್ತಾಳೆ. ಅವಳು ಹೇಳುವುದು ಸರಿ. ನಾವು ಪ್ರೀತಿ ಮಾಡಿದ್ದು ಆ ಜೀವಕ್ಕೆ, ಬಿಟ್ಟಿ ಚಾಕರಿ ಆದದ್ದು ಆ ಮನೆಗೆ. ನಮ್ಮವರ ಅಂತಃಕರಣವನ್ನು ಬಿಟ್ಟಿಯಾಗಿ ದುಡಿಸಿಕೊಂಡೇ ಊರುಗಳು ಬೆಳೆದಿವೆ. ಅಂತಃಕರಣ ಬಿಡುವುದಿಲ್ಲ ನಾವು. ಬಿಟ್ಟಿ ಬಿಡುತ್ತೇವೆ. ಇವೆರಡನ್ನೂ ಬಿಡಿಸಿ ನೋಡುವುದನ್ನು ಇನ್ನೂ ಕಲಿಯುತ್ತಿದ್ದೇವೆ.